ಹನ್ನೆರಡನೆಯ ಬಿಲ್ಲೆ

ಕಲ್ಲಿಗೆ ಬಾಯಿಲ್ಲ ನಿಜ, ಆದರೆ ಕೇಳುವ ಕ್ರಮದಲ್ಲಿ ಕೇಳಿದರೆ ಅದು ಸುಳ್ಳು ಹೇಳುವುದಿಲ್ಲ ಎಂದು ಕಲ್ಲುಮೇಷ್ಟ್ರು ನಲವತ್ತೊಂದು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ. ಉಪ್ಪಿನ ಗಣಿಯ ಪರೀಕ್ಷೆಯ ಕೋಣೆಯಲ್ಲಿ ಕೂತು, ಭೂಮಿಯ ಹೊಟ್ಟೆಯಿಂದ ಬಂದ ಪ್ರತಿಯೊಂದು ಚೂರನ್ನೂ ಇದು ಇಂಥದ್ದು ಎಂದು ಹೇಳುವುದು ಅವರ ಕೆಲಸ. ಗಣಿಗೆ ಹೊಸದಾಗಿ ಬಂದವರಿಗೆಲ್ಲ ಕಲ್ಲು ಗುರುತಿಸುವುದನ್ನು ಕಲಿಸಿದವರೂ ಅವರೇ. ಆದ್ದರಿಂದ ಆ ಹೆಸರು ಅಂಟಿಕೊಂಡಿತು. ಮ್ಯಾನೇಜರು ಕೂಡ ಹಾಗೆಯೇ ಕರೆಯುತ್ತಿದ್ದರು.

ಪರೀಕ್ಷೆಯ ಕೋಣೆ ದೊಡ್ಡದೇನಲ್ಲ. ಒಂದು ಕಿಟಕಿ, ಅದರ ಕೆಳಗೆ ಉದ್ದನೆಯ ಮೇಜು. ಮೇಜಿನ ಮೇಲೆ ಮೆರುಗು ಹಾಕದ ಬಿಳಿ ಪಿಂಗಾಣಿಯ ಹಲಗೆ, ತಾಮ್ರದ ತುಂಡು, ಹಿಡಿ ಸವೆದ ಚಾಕು, ಒಡೆದ ಗಾಜು, ಅಯಸ್ಕಾಂತ, ಆಮ್ಲದ ಪುಟ್ಟ ಸೀಸೆ, ಸ್ಪಿರಿಟ್ ದೀಪ. ದಿನವೂ ಕೆಲಸಕ್ಕೆ ಕೂರುವ ಮುಂಚೆ ಮೇಷ್ಟ್ರು ಕಣ್ಣು ಮುಚ್ಚಿ, ‘ದೇವರೇ, ಇವತ್ತು ನನ್ನ ಬಾಯಿಂದ ಸುಳ್ಳು ಬಾರದಿರಲಿ’ ಎಂದು ಬೇಡಿಕೊಳ್ಳುವರು. ಆಮೇಲೆ ಕಲ್ಲನ್ನು ಕೈಗೆತ್ತಿಕೊಳ್ಳುವರು. ಅಂಗೈಯಲ್ಲಿ ತೂಗಿ, ಗಾತ್ರಕ್ಕೆ ತಕ್ಕ ಭಾರವಿದೆಯೇ ಎಂದು ನೋಡುವರು. ಬೆಳಕಿಗೆ ಹಿಡಿದು, ಹೊಳಪು ಗಾಜಿನದೋ ಮೇಣದ್ದೋ ಲೋಹದ್ದೋ ಎಂದು ನೋಡುವರು. ಬಿಳಿ ಹಲಗೆಯ ಮೇಲೆ ಎಳೆದು ಗೆರೆಯ ಬಣ್ಣ ನೋಡುವರು.

“ಮೈಬಣ್ಣ ನಂಬಬೇಡ್ರಪ್ಪ, ಗೆರೆ ನಂಬಿ. ಮನುಷ್ಯನೂ ಅಷ್ಟೇ, ಉಜ್ಜಿ ನೋಡಿದ ಮೇಲೆ ತಾನೇ ಬಣ್ಣ ಗೊತ್ತಾಗೋದು?” ಎಂದು ಹುಡುಗರನ್ನು ನಗಿಸುವರು. ಉಗುರಿಗೆ ಗೀರು ಬೀಳುತ್ತದೆಯೋ, ತಾಮ್ರಕ್ಕೋ, ಚಾಕುವಿಗೋ ಎಂದು ಗಡಸು ಅಳೆಯುವರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸೀಳಿದ ಮುಖಗಳ ಮೇಲೆ ಬೆರಳಾಡಿಸುವರು. ಎಲ್ಲ ಮುಗಿದ ಮೇಲೆ, ಕೊನೆಗೆ, ನಾಲಿಗೆಯ ತುದಿಗೆ ಮುಟ್ಟಿಸುವರು.

ಆ ಗಣಿಯಲ್ಲಿ ನಾಲಿಗೆಯದೇ ಕೊನೆಯ ತೀರ್ಪು. ಅದಕ್ಕೆ ಕಾರಣವಿತ್ತು. ಅಲ್ಲಿ ಎರಡು ಕಲ್ಲುಗಳು ಅವಳಿ ಮಕ್ಕಳ ಹಾಗೆ ಒಂದರ ಪಕ್ಕ ಒಂದು ಮಲಗಿದ್ದವು. ಒಂದು ಉಪ್ಪುಗಲ್ಲು, ಇನ್ನೊಂದು ಕಹಿಗಲ್ಲು. ಎರಡೂ ಬೆಳ್ಳಗೆ, ಎರಡರ ಗೆರೆಯೂ ಬಿಳಿ, ಎರಡೂ ಹಗುರ, ತಟ್ಟಿದರೆ ಎರಡೂ ದಾಳದ ಹಾಗೆ ಚೌಕವಾಗಿ ಒಡೆಯುತ್ತವೆ. ಆದರೆ ಉಪ್ಪುಗಲ್ಲಿನ ಸೂರು ನೂರು ವರ್ಷ ನಿಲ್ಲುತ್ತದೆ. ಕಹಿಗಲ್ಲು ಹಾಗಲ್ಲ. ಅದರೊಳಗೆ ಸೇರಿರುವ ಕಸರು ಗಾಳಿಯ ತೇವ ಕುಡಿಯುತ್ತದೆ, ಬೆವರುತ್ತದೆ, ಒಳಗೊಳಗೇ ಸಡಿಲಾಗಿ ಒಂದು ಗಳಿಗೆಯಲ್ಲಿ ಕೈಬಿಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಆ ಗಣಿಯವರಿಗೆ ಅದು ತಲೆಯ ಮೇಲೆಯೇ ಇತ್ತು.

ಆದ್ದರಿಂದ ಅಲ್ಲೊಂದು ಕಟ್ಟಳೆ. ಕೆಳಗೆ ಹೊಸ ಕೋಣೆ ತೆರೆದಾಗ ಅದರ ಸೂರಿನಿಂದ ಒಂದು ಚೂರನ್ನು ಕೆತ್ತಿ ಮೇಷ್ಟ್ರ ಮೇಜಿಗೆ ತರಬೇಕು. ತರುವವನು ಬೇರೆಯವನಾಗಿರಬೇಕು, ಅಲ್ಲಿ ಉಪ್ಪು ಕಡಿಯುವ ತಂಡದವರು ಆ ಚೂರನ್ನು ಮುಟ್ಟುವಂತಿಲ್ಲ. ಸೂರು ಉಪ್ಪಾದರೆ ಮೇಷ್ಟ್ರು ತಾವೇ ಕೆಳಗಿಳಿದು, ಕೋಣೆಯ ಬಾಗಿಲ ಹೊರಗಿನ ಮೊಳೆಗೆ ಬಿಳಿ ತಗಡಿನ ಬಿಲ್ಲೆ ತೂಗುಹಾಕುವರು, ಕಹಿಯಾದರೆ ಕೆಂಪು. ಬಿಳಿ ಬಿಲ್ಲೆ ಇಲ್ಲದ ಕೋಣೆಗೆ ಯಾರೂ ಕಾಲಿಡಬಾರದು.

ಹೊಸ ಸುರಂಗದಲ್ಲಿ ಕಡಿಯುವ ತಂಡದ ಮೇಸ್ತ್ರಿ ಮೇಷ್ಟ್ರ ಒಬ್ಬನೇ ಮಗ.

ಆ ವರ್ಷ, ನಿವೃತ್ತಿಗೆ ಇನ್ನು ಐದು ತಿಂಗಳಿದೆ ಎನ್ನುವಾಗ, ಮೇಷ್ಟ್ರಿಗೆ ಜ್ವರ ಬಂತು. ಹತ್ತು ದಿನ ಹಾಸಿಗೆ ಹಿಡಿದರು. ಎದ್ದ ದಿನ ಸೊಸೆ ಗಂಜಿ ಮಾಡಿ ತಟ್ಟೆ ಮುಂದಿಟ್ಟಳು. ಮಗನೂ ಪಕ್ಕದಲ್ಲಿ ಕೂತಿದ್ದ.

“ಉಪ್ಪು ಸರಿಯಾಗಿದೆಯಾ ಮಾವ?” ಎಂದಳು ಸೊಸೆ.

ಅದು ಆ ಮನೆಯ ಹಳೆಯ ತಮಾಷೆ. ಮದುವೆಯಾಗಿ ಬಂದ ಮೊದಲ ದಿನ ಅವಳು ಹೆದರಿ ಹೆದರಿ ಕೇಳಿದ್ದಳು. ಮೇಷ್ಟ್ರು ನ್ಯಾಯಾಧೀಶರ ಹಾಗೆ ಮುಖ ಮಾಡಿ, “ಎರಡು ಹರಳು ಕಮ್ಮಿ” ಎಂದಿದ್ದರು. ಅಂದಿನಿಂದ ದಿನವೂ ಅವಳು ಕೇಳುವುದು, ಇವರು ಹರಳಿನ ಲೆಕ್ಕದಲ್ಲಿ ತೀರ್ಪು ಕೊಡುವುದು.

ಅಂದು ಬಾಯಿಗಿಟ್ಟ ಗಂಜಿ ನೆನೆದ ಕಾಗದದ ಹಾಗಿತ್ತು. ಇನ್ನೊಂದು ತುತ್ತು ತೆಗೆದುಕೊಂಡರು. ಅದೂ ಹಾಗೆಯೇ. ಜ್ವರದ ಬಾಯಿ, ನಾಳೆ ಸರಿಹೋದೀತು ಎಂದುಕೊಂಡು, ತಲೆ ಎತ್ತದೆ “ಸರಿಯಾಗಿದೆ ಕಣಮ್ಮ” ಎಂದರು.

ನಾಳೆಯೂ ಸರಿಹೋಗಲಿಲ್ಲ, ನಾಳಿದ್ದೂ ಇಲ್ಲ. ಬೆಲ್ಲ ತಿಂದರು, ಮೆಣಸು ಅಗಿದರು. ಕೊನೆಗೆ ಪರೀಕ್ಷೆಯ ಕೋಣೆಯ ಕದ ಹಾಕಿ ಉಪ್ಪುಗಲ್ಲು ಒಂದು ಕಡೆ, ಕಹಿಗಲ್ಲು ಒಂದು ಕಡೆ ಇಟ್ಟುಕೊಂಡು ಸರದಿಯ ಮೇಲೆ ನೆಕ್ಕಿದರು. ಎರಡೂ ನುಣುಪು, ಎರಡೂ ತಣ್ಣಗೆ. ಅಷ್ಟೇ.

ಆ ದಿನವೇ ಮ್ಯಾನೇಜರ ಬಳಿ ಹೋಗಿ ಹೇಳಬೇಕಿತ್ತು. ಹೋಗಲು ಎದ್ದರು ಕೂಡ. ಬಾಗಿಲ ತನಕ ಹೋದಾಗ ಹೊರಗೆ ಉಗ್ರಾಣದವನು ಯಾರಿಗೋ ಹೇಳುತ್ತಿದ್ದ: “ನಮ್ಮ ಮೇಷ್ಟ್ರ ನಾಲಿಗೆ ಇರೋವರೆಗೆ ಗಣಿಗೆ ಕಂಬ ಬೇಡ ಕಣಯ್ಯ, ಅದೇ ಎತ್ತಿ ಹಿಡಿಯುತ್ತೆ.” ಮೇಷ್ಟ್ರು ಅಲ್ಲೇ ನಿಂತರು. ಇನ್ನು ಐದೇ ತಿಂಗಳು. ಕಲ್ಲಿಗೆ ಬೇರೆ ಗುಣಗಳೂ ಇವೆಯಲ್ಲ ಎಂದುಕೊಂಡು ಮೇಜಿಗೆ ಮರಳಿದರು. ವೈದ್ಯರಿಗೂ ಹೇಳಲಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು ಎಂದುಕೊಂಡರು. ಮನುಷ್ಯ ತಪ್ಪು ಮಾಡುವಾಗ ದೇವರನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವುದು ಹೀಗೆ.

ಬೇರೆ ಗುಣಗಳು ಅವರ ಕೈಬಿಡಲಿಲ್ಲ ಎಂದೇ ಹೇಳಬೇಕು. ಕಹಿಗಲ್ಲು ಉಗುರಿಗೆ ಕೂದಲೆಳೆಯಷ್ಟು ಹೆಚ್ಚು ಮೆತ್ತಗೆ. ಅದರ ಹೊಳಪಿನಲ್ಲಿ ಒಂದು ತೆಳ್ಳನೆಯ ಮೇಣ. ಎಲ್ಲಕ್ಕಿಂತ ಮಿಗಿಲಾಗಿ, ಕಿಟಕಿಯ ಹೊಸ್ತಿಲ ಮೇಲೆ ಒಂದು ದಿನ ಬಿಟ್ಟರೆ ಕಹಿಗಲ್ಲು ಬೆವರಿ ಅಡಿಯಲ್ಲಿ ಒದ್ದೆಯ ಗುರುತು ಬಿಡುತ್ತದೆ. ಹೀಗೆ ನೋಡಿ ನೋಡಿ, ಹೊಸ ಸುರಂಗದ ಹನ್ನೊಂದು ಕೋಣೆಗಳಿಗೆ ಬಿಲ್ಲೆ ಹಾಕಿದರು. ಯಾವ ಸೂರೂ ಮಿಸುಕಲಿಲ್ಲ.

ಈ ನಡುವೆ ಒಂದು ಸಂಜೆ ಊಟಕ್ಕೆ ಕೂತಾಗ ಮಗನ ತುಟಿಗಳು ಒಡೆದು ರಕ್ತ ಜಿನುಗಿದ್ದನ್ನು ಕಂಡರು.

“ಏನೋ ಇದು, ತುಟಿ ಹೀಗಾಗಿದೆ?”

“ಕೆಳಗಡೆ ಗಾಳಿ ಒಣ ಅಪ್ಪ” ಎಂದು ಮಗ ಚೊಂಬೆತ್ತಿ ಗಟಗಟನೆ ನೀರು ಕುಡಿದ.

“ಉಪ್ಪು ತಿಂದವನು ನೀರು ಕುಡಿಯಲೇಬೇಕು, ಕುಡಿ ಕುಡಿ” ಎಂದರು ಮೇಷ್ಟ್ರು. ಮಗ ನಕ್ಕು ನಕ್ಕು ನೆತ್ತಿಗೇರಿಸಿಕೊಂಡ. ಸೊಸೆ ನಗಲಿಲ್ಲ. ಅವಳು ಅವನ ನೆತ್ತಿ ತಟ್ಟುತ್ತಾ ಗೋಡೆಯ ಕಡೆ ನೋಡುತ್ತಿದ್ದಳು. ಮೇಷ್ಟ್ರು ಮರುದಿನ ಪೇಟೆಯಿಂದ ತುಟಿಗೆ ಹಚ್ಚುವ ಮುಲಾಮು ತಂದುಕೊಟ್ಟರು.

ಹನ್ನೆರಡನೆಯ ಕೋಣೆಯ ಚೂರು ಬಂದ ವಾರ ಹೊರಗೆ ಬೀಸುತ್ತಿದ್ದುದು ಒಣಗಾಳಿ. ಒಗೆದ ಬಟ್ಟೆ ಗಳಿಗೆಯಲ್ಲಿ ಗರಿಗರಿಯಾಗುತ್ತಿತ್ತು. ಕಿಟಕಿಯಲ್ಲಿಟ್ಟ ಚೂರು ಬೆವರಲಿಲ್ಲ. ಉಗುರಿಗೆ ಇದು ಉಪ್ಪೆಂದೂ ಅನ್ನಿಸಿತು, ಕಹಿಯೆಂದೂ ಅನ್ನಿಸಿತು. ಉಳಿದದ್ದು ದೀಪ. ಕಲ್ಲಿನ ಪುಡಿಯನ್ನು ತಂತಿಗೆ ಹಚ್ಚಿ ಉರಿಗೆ ಹಿಡಿದರೆ ಉಪ್ಪು ಹಳದಿಯಾಗಿ ಉರಿಯುತ್ತದೆ, ಕಹಿ ತಿಳಿ ನೇರಳೆಯಾಗಿ. ಆದರೆ ಕಹಿಯ ಜೊತೆ ಚಿಟಿಕೆ ಉಪ್ಪು ಸೇರಿದ್ದರೂ ಸಾಕು, ಹಳದಿ ಎದ್ದು ನೇರಳೆಯನ್ನು ನುಂಗಿಬಿಡುತ್ತದೆ. ಆಗ ನೀಲಿ ಗಾಜಿನ ಮೂಲಕ ನೋಡಬೇಕು. ಗಾಜು ಹಳದಿಯನ್ನು ತಡೆದು ನೇರಳೆಯನ್ನು ಮಾತ್ರ ತೋರಿಸುತ್ತದೆ. ಮೇಷ್ಟ್ರು ಹುಡುಗರಿಗೆ ನಲವತ್ತು ವರ್ಷ ಹೇಳಿದ ಪಾಠ. ಹೇಳುವಾಗಲೆಲ್ಲ “ಇದು ನಾಲಿಗೆ ಇಲ್ಲದವರ ನಾಲಿಗೆ” ಎಂದು ಅಣಕಿಸಿದ್ದರು. ಅವರ ಕೋಣೆಯ ನೀಲಿ ಗಾಜು ಯಾವ ಕಾಲದಲ್ಲೋ ಒಡೆದಿತ್ತು. ಅವರು ಮತ್ತೊಂದನ್ನು ತರಿಸಿರಲಿಲ್ಲ.

ಉಗ್ರಾಣಕ್ಕೆ ಹೋದರು. “ಏನು ಮೇಷ್ಟ್ರೇ, ಅಪರೂಪ! ಏನು ಬೇಕಿತ್ತು?” ಎಂದ ಉಗ್ರಾಣದವನು, ಕಿವಿಯ ಸಂದಿನ ಪೆನ್ಸಿಲು ತೆಗೆಯುತ್ತಾ.

ಮೇಷ್ಟ್ರು ಬಾಯಿ ತೆರೆದರು. ‘ನಿಮಗ್ಯಾಕೆ ನೀಲಿ ಗಾಜು?’ ಎಂದು ಅವನು ಕೇಳುವುದು, ಸಂಜೆಯೊಳಗೆ ಅದು ಗಣಿಯೆಲ್ಲ ಸುತ್ತುವುದು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು.

“ದೀಪಕ್ಕೊಂದು ಬತ್ತಿ ಕೊಡಪ್ಪ” ಎಂದರು.

ಬರಿಗಣ್ಣಿಗೆ ಉರಿ ಹಳದಿಯಾಗಿಯೇ ಕಂಡಿತು. ಅಂದು ಸಂಜೆ, ಪಾಳಿಯವರೆಲ್ಲ ಮೇಲೆ ಬಂದ ಮೇಲೆ, ಮೇಷ್ಟ್ರು ಒಬ್ಬರೇ ಕೆಳಗಿಳಿದು ಹನ್ನೆರಡನೆಯ ಕೋಣೆಗೆ ಬಿಳಿ ಬಿಲ್ಲೆ ಹಾಕಿ ಬಂದರು.

ಮರುದಿನ ಬೆಳಗ್ಗೆ ಪಾಳಿ ಶುರುವಾಗುವ ಮುಂಚೆ ಆ ಸೂರು ಬಿತ್ತು. ಒಳಗಿದ್ದವನು ಒಬ್ಬನೇ. ತಂಡದವರು ಕಲ್ಲು ಸರಿಸಿದಾಗ ಮೇಸ್ತ್ರಿ ಬಾಗಿಲ ಕಡೆಗೆ ಮುಖ ಮಾಡಿ ಬಿದ್ದಿದ್ದ, ಹೆಗಲ ಮೇಲೆ ಏಣಿ. ಇನ್ನು ನಾಲ್ಕು ಹೆಜ್ಜೆ ಇಟ್ಟಿದ್ದರೆ ಹೊರಗಿರುತ್ತಿದ್ದ. ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ.

ಹದಿನೈದನೆಯ ದಿನ ತನಿಖೆಯ ಅಧಿಕಾರಿ ಬಂದು ಮ್ಯಾನೇಜರ ಕೋಣೆಯಲ್ಲಿ ಕೂತರು. ಒಳ್ಳೆಯ ಮನುಷ್ಯ. ಮೇಷ್ಟ್ರಿಗೆ ಕುರ್ಚಿ ಹಾಕಿಸಿ, ನೀರು ತರಿಸಿಕೊಟ್ಟ ಮೇಲೆಯೇ ಮಾತಿಗೆ ಶುರುಮಾಡಿದರು. ಬಿಲ್ಲೆ ಇಲ್ಲದ ಕೋಣೆಗೆ, ಹೊತ್ತಿಗೆ ಮುಂಚೆ, ಒಬ್ಬನೇ, ಯಾರಿಗೂ ಹೇಳದೆ ಏಣಿ ಹೊತ್ತು ನುಗ್ಗಿದ್ದು ಮೇಸ್ತ್ರಿಯ ತಪ್ಪು ಎಂದು ಅವರ ವರದಿ ಆಗಲೇ ಮುಕ್ಕಾಲು ಬರೆದಾಗಿತ್ತು. ಅದನ್ನು ಗಣಿಯ ಬಾಗಿಲಲ್ಲಿ ಅಂಟಿಸುತ್ತಾರೆ. ಮುಂದೆ ಹೊಸಬರಿಗೆ ಓದಿ ಹೇಳುತ್ತಾರೆ: ನೋಡಿ, ಹೀಗೆ ಮಾಡಬೇಡಿ. ಮಗನಂತೂ ಹೋದ. ಅವನ ಹೆಸರಾದರೂ ಆ ಕಾಗದದಲ್ಲಿ ಕೆಡಬಾರದು ಎಂಬುದೊಂದೇ ಮೇಷ್ಟ್ರಿಗೆ ಉಳಿದಿದ್ದ ಆಸೆ.

“ಸಾಹೇಬ್ರೇ, ಬಿಲ್ಲೆ ಇತ್ತು. ನಾನೇ ಹಾಕಿದ್ದು. ಬಿಳೀದು. ಹಾಕಬಾರದಿತ್ತು, ಹಾಕಿದೆ” ಎಂದರು.

“ಹಾಕಿದ್ದನ್ನ ಯಾರಾದ್ರೂ ನೋಡಿದ್ರಾ?”

“ಇಲ್ಲ. ಎಲ್ಲ ಮೇಲೆ ಬಂದಿದ್ರು. ಪರೀಕ್ಷೆ ಪುಸ್ತಕದಲ್ಲಿ ಬರೆದಿದ್ದೀನಿ.”

“ಪುಸ್ತಕದಲ್ಲಿ ಆಮೇಲೂ ಬರೀಬಹುದಲ್ಲ ಮೇಷ್ಟ್ರೇ” ಎಂದರು ಅಧಿಕಾರಿ, ನೋಯಿಸಬಾರದೆಂದು ದನಿ ತಗ್ಗಿಸಿ. ಮೇಜಿನ ಮೇಲೆ ಬಿದ್ದ ಸೂರಿನ ಒಂದು ತುಂಡಿತ್ತು. ಅದನ್ನು ಮುಂದೆ ಸರಿಸಿದರು. “ಇದು ಏನು ಅಂತ ನೀವೇ ಹೇಳಿ.”

ಮೇಷ್ಟ್ರು ಅದನ್ನು ಮುಟ್ಟಲಿಲ್ಲ. “ಒಂದು ಉಪಕಾರ ಮಾಡಿ. ನೀವೇ ನೆಕ್ಕಿ ನೋಡಿ.”

ಅಧಿಕಾರಿ ಮ್ಯಾನೇಜರ ಮುಖ ನೋಡಿ, ಕಲ್ಲನ್ನು ಕರವಸ್ತ್ರದಿಂದ ಒರೆಸಿ, ಮಕ್ಕಳ ಹಾಗೆ ಕಣ್ಣು ಮುಚ್ಚಿ ನಾಲಿಗೆಗೆ ಮುಟ್ಟಿಸಿದರು. “ಥೂ!” ಎಂದು ಕಿಟಕಿಯ ಹೊರಗೆ ಉಗಿದರು. “ಅಬ್ಬಬ್ಬ, ಏನು ಕಹಿ ರೀ ಇದು!”

“ಆ ಕಹಿ ನನಗೆ ಗೊತ್ತಾಗಲಿಲ್ಲ ಸಾಹೇಬ್ರೇ. ನನ್ನ ನಾಲಿಗೆ ಸತ್ತು ಮೂರು ತಿಂಗಳಾಯ್ತು. ನೀಲಿ ಗಾಜಿಟ್ಟು ನೋಡಬೇಕಿತ್ತು. ಕೇಳೋದಕ್ಕೆ ನಾಚಿಕೆಯಾಯ್ತು. ಕಣ್ಣಂದಾಜಿನಲ್ಲಿ ಉಪ್ಪು ಅಂದುಬಿಟ್ಟೆ.”

ಅಧಿಕಾರಿ ಲೋಟ ತೆಗೆದುಕೊಂಡು ಬಾಯಿ ಮುಕ್ಕಳಿಸಿದರು. ಆಮೇಲೆ ಮ್ಯಾನೇಜರು, “ಮೇಷ್ಟ್ರೇ, ನಿಮ್ಮ ಸಂಕಟ ನಮಗೆ ಅರ್ಥವಾಗುತ್ತೆ...” ಎಂದು ಶುರುಮಾಡಿ ನಿಲ್ಲಿಸಿದರು.

ಅಧಿಕಾರಿ ಹೇಳಿದರು: “ನಲವತ್ತೊಂದು ವರ್ಷ ಒಂದು ತಪ್ಪಿಲ್ಲ. ಈ ಗಣಿಯಲ್ಲಿ ಯಾರನ್ನ ಕೇಳಿದ್ರೂ ಮೊದಲು ನಿಮ್ಮ ನಾಲಿಗೆ ಮಾತು. ನನ್ನಂಥ ದಡ್ಡನಿಗೇ ಒಂದು ಸಲ ಮುಟ್ಟಿಸಿದ್ದಕ್ಕೆ ಗೊತ್ತಾಗಿದ್ದು ನಿಮಗೆ ಗೊತ್ತಾಗಲಿಲ್ಲ ಅಂತ ನಾನು ಬರೆದ್ರೆ, ಓದಿದವರು ನಗ್ತಾರೆ. ಇಂಥ ಕಲ್ಲಿಗೆ ನೀವು ನಿದ್ದೆಗಣ್ಣಲ್ಲೂ ಬಿಳಿ ಬಿಲ್ಲೆ ಹಾಕೋರಲ್ಲ. ಹಾಕಿಲ್ಲ, ಅದಕ್ಕೇ ಅಲ್ಲಿರಲಿಲ್ಲ.”

ಮೇಷ್ಟ್ರು ಆ ತುಂಡನ್ನು ತಟ್ಟನೆ ಎತ್ತಿ ಬಾಯಿಗೆ ಹಾಕಿಕೊಂಡರು. ಹಲ್ಲಿನಲ್ಲಿ ಕಟಕಟನೆ ಅಗಿದರು. ಬಿಳಿಯ ನೀರು ಗಲ್ಲಕ್ಕಿಳಿಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ‘ನೋಡಿ’ ಎಂಬಂತೆ ಇಬ್ಬರ ಕಡೆಗೂ ತಿರುಗಿದರು.

“ಸಾಕು, ಸಾಕು ಬಿಡಿ” ಎಂದು ಅಧಿಕಾರಿ ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು. “ಮಗನಿಗೋಸ್ಕರ ಅಪ್ಪ ಆದವನು ಇದಕ್ಕಿಂತ ಹೆಚ್ಚು ಕಹಿ ನುಂಗ್ತಾನೆ. ನನಗೂ ಮಕ್ಕಳಿದ್ದಾರೆ. ಬಿಲ್ಲೆ ಸಿಕ್ಕಿದ್ರೆ ಬೇರೆ ಮಾತಾಗಿತ್ತು. ಮತ್ತೆ, ಆ ಏಣಿ ಯಾಕೆ? ಅದಕ್ಕೆ ಉತ್ತರ ಇದೆಯಾ ನಿಮ್ಮ ಹತ್ರ?”

ಮೇಷ್ಟ್ರು ಗಲ್ಲ ಒರೆಸಿಕೊಂಡು ಎದ್ದು ಮನೆಯ ಕಡೆ ನಡೆದರು.

ಗಣಿಯ ಸಾಲುಮನೆಗಳಲ್ಲಿ ಅವರದು ಕೊನೆಯದು. ಎರಡು ಕೋಣೆ, ಹಿಂದೊಂದು ಅಡುಗೆಮನೆ. ಸೊಸೆ ಹೊಸ್ತಿಲ ಬಳಿ ಕೂತು ಗಂಡನ ಕೆಲಸದ ಬೂಟುಗಳಿಂದ ಉಪ್ಪು ಕೆರೆಯುತ್ತಿದ್ದಳು. ದಿನವೂ ಅದೇ ಕೆಲಸ, ಕೆರೆದದ್ದನ್ನೇ ಕೆರೆಯುವುದು.

“ಏನಂದ್ರು ಮಾವ?”

ಮೇಷ್ಟ್ರು ಗೋಡೆ ಹಿಡಿದು ಕೂತರು. “ನಂಬಲಿಲ್ಲ. ನಿನಗೂ ಹೇಳಬೇಕಾಗಿದ್ದು ಒಂದಿದೆ ಕಣಮ್ಮ. ಕೇಳಿ ಬೈದರೂ ಸರಿ, ಹೊಡೆದರೂ ಸರಿ. ನಿನ್ನ ಗಂಡನ್ನ ಕೊಂದಿದ್ದು ನಾನು. ಜ್ವರ ಬಂದು ಹೋದ ಮೇಲೆ ನನಗೆ ರುಚಿ...”

“ಗೊತ್ತು” ಎಂದಳು ಸೊಸೆ. ಅವಳ ಕೈ ಬೂಟಿನ ಮೇಲೆ ಆಡುತ್ತಲೇ ಇತ್ತು.

“ಏನು ಗೊತ್ತು?”

“ಜ್ವರ ಬಿಟ್ಟ ದಿನ ಗಂಜಿ ಮಾಡಿದ್ನಲ್ಲ, ಅದಕ್ಕೆ ಉಪ್ಪು ಹಾಕೋದೇ ಮರೆತುಬಿಟ್ಟಿದ್ದೆ. ನೀವು ಸರಿಯಾಗಿದೆ ಅಂದ್ರಿ. ನಾನು ಬಾಯಿ ತೆಗೆಯೋ ಅಷ್ಟರಲ್ಲಿ ಇವರು ನನ್ನ ಮಂಡಿ ಒತ್ತಿದ್ರು. ಆಮೇಲೆ ಅಡುಗೆಮನೆಗೆ ಬಂದು, ‘ಅಪ್ಪನ್ನ ಕೇಳಬೇಡ ಕಣೇ. ಅವರಾಗಿ ಹೇಳೋವರೆಗೂ ನಮಗೆ ಗೊತ್ತಿಲ್ಲ. ಆ ನಾಲಿಗೆ ಹೋಯ್ತು ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ಅವರು ಬದುಕಲ್ಲ’ ಅಂದ್ರು.”

ಸೊಸೆ ಬೂಟನ್ನು ತಿರುಗಿಸಿ ಇನ್ನೊಂದು ಮಗ್ಗುಲು ಕೆರೆಯತೊಡಗಿದಳು.

“ನೀವು ಬಿಲ್ಲೆ ಹಾಕಿದ ಮಾರನೇ ದಿನ ಇವರು ಅರ್ಧ ಗಂಟೆ ಮುಂಚೆ ಹೋಗ್ತಿದ್ರು. ತಂಡದವರು ಬರೋ ಮುಂಚೆ ಏಣಿ ಹಾಕಿ, ಸೂರನ್ನ ಅಲ್ಲೊಂದು ಇಲ್ಲೊಂದು ಕಡೆ ನೆಕ್ಕಿ ನೋಡಿ, ಏಣಿ ಎತ್ತಿಟ್ಟು ಏನೂ ಆಗದವರ ಹಾಗೆ ನಿಂತುಕೊಳ್ಳೋದು. ತುಟಿ ಒಡೆದಿದ್ದು ಅದಕ್ಕೇ. ಪ್ರತೀ ಸಲ ಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳೋರು. ಹೋದ ತಿಂಗಳು, ‘ಹನ್ನೊಂದೂ ಸರಿ ಕಣೇ! ನಾಲಿಗೆ ಇಲ್ದೇನೇ ಹನ್ನೊಂದೂ ಸರಿ! ನನ್ನಪ್ಪನಂಥೋನು ಇನ್ನೊಬ್ಬ ಹುಟ್ಟಿ ಬರಬೇಕು’ ಅಂತ ನನ್ನ ಕೈ ಹಿಡ್ಕೊಂಡು ಕುಣಿದುಬಿಟ್ರು.”

ಅವಳು ಬೂಟು ಕೆಳಗಿಟ್ಟು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದಾಯಿತು. ಬಂದು, ಸೆರಗಿನಲ್ಲಿ ಮುಚ್ಚಿದ್ದ ಕೈಯನ್ನು ಬಿಡಿಸಿದಳು. ಬಿಳಿ ತಗಡಿನ ಬಿಲ್ಲೆ. ಹನ್ನೆರಡು ಎಂಬ ಅಂಕಿ, ಕೆಳಗೆ ಮೇಷ್ಟ್ರದೇ ಗುರುತು.

“ಬಟ್ಟೆ ಕೊಟ್ಟಾಗ ಒಳಜೇಬಲ್ಲಿತ್ತು. ತೋರಿಸಿದ್ರೆ ನಿಮ್ಮ ಕುತ್ತಿಗೆಗೆ ಬರುತ್ತೆ ಅಂತ ಬಚ್ಚಿಟ್ಟೆ. ಇವರು ಅಷ್ಟೆಲ್ಲ ಮುಚ್ಚಿಟ್ಟಿದ್ದನ್ನ ನಾನು ಬಯಲು ಮಾಡಲಾ ಅಂತ.”

ಮೇಷ್ಟ್ರು ಬಿಲ್ಲೆಯನ್ನು ಅಂಗೈಯಲ್ಲಿ ತೂಗಿದರು. ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿದರು. ತೂತಿನ ಬಳಿ ಮೊಳೆ ಉಜ್ಜಿದ ಗೀರಿತ್ತು, ಅವಸರದಲ್ಲಿ ಕಿತ್ತ ಹಾಗೆ. ಕಲ್ಲನ್ನು ಕ್ರಮವಾಗಿ ಕೇಳಿ ಕೇಳಿ ರೂಢಿಯಾದ ಮನಸ್ಸು ಇದನ್ನೂ ಹಾಗೆಯೇ ಕೇಳಿತು. ಬೇಡವೆಂದರೂ ಕೇಳಿತು.

“ಈ ಬಿಲ್ಲೆ ತೂಗುಹಾಕೋ ಮೊಳೆ ಎಲ್ಲಿರೋದು ಗೊತ್ತೇನಮ್ಮ ನಿನಗೆ?”

“ನಾನು ಕೆಳಗೆ ಹೋದವಳಲ್ಲ ಮಾವ.”

“ಬಾಗಿಲ ಹೊರಗೆ. ಒಳಗಲ್ಲ, ಹೊರಗೆ. ಅಲ್ಲಿ ಸೂರು ಗಟ್ಟಿ.” ಅವರ ದನಿ ಪಾಠ ಹೇಳುವಾಗಿನ ಹಾಗೆಯೇ ಸಮನಾಗಿತ್ತು. “ನೆಕ್ಕಿ ನೋಡಿದ. ಕಹಿ ಅಂತ ಗೊತ್ತಾಯ್ತು. ಇಳಿದು ಹೊರಗೆ ಬಂದ. ಬಿಲ್ಲೆ ಕಿತ್ತು ಜೇಬಿಗೆ ಹಾಕ್ಕೊಂಡ.”

ಸೊಸೆ ಅವರ ಮುಖವನ್ನೇ ನೋಡುತ್ತಿದ್ದಳು. “ಹೊರಗೆ ಬಂದಿದ್ರಾ? ಬಂದವರು ಮತ್ತೆ ಯಾಕೆ...”

“ಏಣಿ ಒಳಗೇ ಇತ್ತಲ್ಲ. ತಂಡದವರು ಬರೋ ಹೊತ್ತಾಗಿತ್ತು. ಬಿಲ್ಲೆ ಇಲ್ಲದ್ದಕ್ಕೆ ಏನಾದ್ರೂ ಹೇಳಬಹುದು. ಏಣಿ ನೋಡಿದ್ರೆ, ಮೇಸ್ತ್ರಿ ಯಾಕೆ ಸೂರು ಪರೀಕ್ಷೆ ಮಾಡ್ದ, ಅಪ್ಪನ ಮಾತಿನ ಮೇಲೆ ನಂಬಿಕೆ ಇಲ್ವಾ ಅಂತ ಕೇಳ್ತಾರೆ. ಅದಕ್ಕೆ ಏಣಿ ತರೋಕೆ ಹೋದ.”

ಸೊಸೆ ಹೊಸ್ತಿಲ ಬಳಿ ಕೂತು ಬೂಟನ್ನು ಮಡಿಲಿಗೆ ಎಳೆದುಕೊಂಡಳು. ಈವರೆಗೆ ಅವಳಿಗೆ ಅರ್ಧ ಗೊತ್ತಿತ್ತು, ಇವರಿಗೆ ಅರ್ಧ. ಎರಡನ್ನೂ ಕೂಡಿಸದೆ ಇದ್ದಿದ್ದರೆ ಇಬ್ಬರೂ ಹೇಗೋ ಉಸಿರಾಡಿಕೊಂಡಿರುತ್ತಿದ್ದರು.

ಮರುದಿನ ಬೆಳಗ್ಗೆ ಮೇಷ್ಟ್ರು ಬಿಲ್ಲೆ ಹಿಡಿದು ಹೊರಟರು. ಸೊಸೆ ಬೇಡ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಹೊರಡುವ ಮುಂಚೆ ರೂಢಿಯಂತೆ ಕಣ್ಣು ಮುಚ್ಚಿದರು. ‘ನನ್ನ ಬಾಯಿಂದ...’ ಎನ್ನುವಲ್ಲಿಗೆ ಪ್ರಾರ್ಥನೆ ನಿಂತಿತು. ಮುಂದಿನ ಮಾತು ಬರಲಿಲ್ಲ. ಕಣ್ಣು ಬಿಟ್ಟು ನಡೆದರು.

ಅಧಿಕಾರಿ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೇಷ್ಟ್ರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಬರೆದುಕೊಂಡರು. ಈ ಸಲ ನಂಬಿದರು. ನಂಬಿದ್ದು ಅವರ ಮುಖದ ಮೇಲೆ ಕಾಣುತ್ತಿತ್ತು. ಮೇಷ್ಟ್ರಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾದಂತಾಯಿತು. ಆಗ ಅಧಿಕಾರಿ ಲೇಖನಿ ಕೆಳಗಿಟ್ಟರು.

“ಸೂರು ಕಹಿ ಅಂತ ಗೊತ್ತಾದ ಮೇಲೆ ಒಳಗೆ ಹೋದ. ಅಲ್ವಾ ಮೇಷ್ಟ್ರೇ?”

“ಏಣಿಗೆ, ಸಾಹೇಬ್ರೇ. ನನ್ನ ಮಾನ ಉಳಿಸೋಕೆ.”

“ಮಾನ ಅಂತ ಬರೆಯೋದಕ್ಕೆ ಈ ಕಾಗದದಲ್ಲಿ ಜಾಗ ಇಲ್ಲ” ಎಂದರು ಅಧಿಕಾರಿ. “ಮೊದಲು ನಾನು ಬರೆದಿದ್ದು, ಬಿಲ್ಲೆ ಇಲ್ಲದ ಕಡೆ ಹೋದ ಅಂತ. ಈಗ ಬರೆಯಬೇಕಾಗಿರೋದು ಅದಕ್ಕಿಂತ...” ಮಾತು ಮುಗಿಸದೆ ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಮೂರನೆಯ ದಿನ ಗಣಿಯ ಬಾಗಿಲಲ್ಲಿ ಕಾಗದ ಅಂಟಿಸಿದರು. ಮೇಷ್ಟ್ರು ಜನ ಕರಗುವವರೆಗೆ ಕಾದು, ಹತ್ತಿರ ಹೋಗಿ ಓದಿದರು. ಪರೀಕ್ಷಕರ ಕಡೆಯಿಂದ ವಯಸ್ಸಿಗೆ ಸಹಜವಾದ ಒಂದು ಲೋಪ ನಡೆದಿದೆ, ಅವರ ದೀರ್ಘ ಹಾಗೂ ಕಳಂಕವಿಲ್ಲದ ಸೇವೆಯನ್ನು ಗಮನಿಸಿ ಅದನ್ನು ಕೈಬಿಡಲಾಗಿದೆ ಎಂದು ಎರಡು ಸಾಲು. ಸುರಕ್ಷತೆಯ ಬಿಲ್ಲೆಯನ್ನು ತಾನೇ ಕಿತ್ತು, ಲೋಪವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು, ಅಪಾಯ ತಿಳಿದೂ ಒಂದು ಏಣಿಗಾಗಿ ಒಳಹೊಕ್ಕ ಮೇಸ್ತ್ರಿಯೇ ತನ್ನ ಸಾವಿಗೆ ಹೊಣೆ ಎಂದು ಹನ್ನೊಂದು ಸಾಲು. ಮೇಷ್ಟ್ರು ಸಾಲುಗಳನ್ನು ಬೆರಳಿಟ್ಟು ಎಣಿಸಿದರು. ಮಗನ ಹೆಸರನ್ನು ತೊಳೆಯಲು ತಾವೇ ಕೈಯಾರೆ ತಂದುಕೊಟ್ಟ ನೀರು ಅದು.

ಪಕ್ಕದಲ್ಲಿ ಯಾರೋ ಬಂದು ನಿಂತರು. ಉಗ್ರಾಣದವನು. ಮ್ಯಾನೇಜರ ಕೋಣೆಯಲ್ಲಿ ಆಡಿದ ಮಾತು ಅವನ ಕಿವಿಗೂ ಬಿದ್ದಿತ್ತು. ಅವನು ಕಾಗದ ನೋಡಲಿಲ್ಲ, ನೆಲ ನೋಡುತ್ತಿದ್ದ.

“ಒಂದು ಮಾತು ಹೇಳಬಾರದಿತ್ತಾ ಮೇಷ್ಟ್ರೇ? ನೀಲಿ ಗಾಜು ಉಗ್ರಾಣದಲ್ಲಿ ಆರು ಬಿದ್ದಿವೆ. ಕೇಳೋರೇ ಇಲ್ಲದೆ ಧೂಳು ಹಿಡೀತಿವೆ. ನಾನೇನು ನಗ್ತಿದ್ನಾ?” ಎಂದ. ಆಮೇಲೆ ತನಗೆ ತಾನೇ ಎಂಬಂತೆ, “ನಗ್ತಿದ್ದೆ ಅನ್ಸುತ್ತೆ” ಎಂದು ಹೊರಟುಹೋದ.

ಮನೆಗೆ ಬಂದಾಗ ಸೊಸೆ ತಟ್ಟೆ ಹಾಕಿದ್ದಳು. ಕಾಗದದಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ. ಸಾಲುಮನೆಗಳಲ್ಲಿ ಅಂಥದ್ದು ಕಾಲಿಲ್ಲದೆ ಓಡುತ್ತದೆ. ಇಬ್ಬರೂ ಎದುರುಬದುರು ಕೂತರು. ಮೂರನೆಯ ಮಣೆಯನ್ನು ಯಾರೂ ತೆಗೆದಿಟ್ಟಿರಲಿಲ್ಲ. ಮೇಷ್ಟ್ರು ಒಂದು ತುತ್ತು ಬಾಯಿಗಿಟ್ಟರು.

“ಉಪ್ಪು ಸರಿಯಾಗಿದೆಯಾ ಮಾವ?”

ಎಷ್ಟೋ ವರ್ಷದ ರೂಢಿ, ಅವಳ ಬಾಯಿಂದ ತಾನಾಗಿ ಬಂದುಬಿಟ್ಟಿತ್ತು. ಬಂದ ಮೇಲೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಗೊತ್ತಾಗ್ತಿಲ್ಲಮ್ಮ” ಎಂದರು ಮೇಷ್ಟ್ರು.

ಈ ಮಾತನ್ನು ಆ ದಿನ ಹೇಳಿದ್ದರೆ ಸಾಕಿತ್ತು. ಆ ಗಂಜಿಯ ದಿನ, ಇದೇ ಮಣೆಯ ಮೇಲೆ ಕೂತು, ಇದೊಂದೇ ಮಾತು. ಅದು ಇಷ್ಟು ಸುಲಭವಾಗಿ ಬಾಯಿಂದ ಬರುತ್ತದೆಂದು ಅವರಿಗೆ ಆಗ ತಿಳಿದಿರಲಿಲ್ಲ.

ಸೊಸೆ ಕೈ ಚಾಚಿ ಅವರ ತಟ್ಟೆಯಿಂದ ಒಂದು ಅಗುಳು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು.

“ಹಾಕಿಲ್ಲ ಮಾವ. ಮರೆತಿದ್ದೀನಿ.”

ಉಪ್ಪಿನ ಭರಣಿ ಅಡುಗೆಮನೆಯ ಕಟ್ಟೆಯ ಮೇಲೆ, ಕೂತಲ್ಲಿಂದಲೇ ಕಾಣುವ ಹಾಗೆ ಇತ್ತು. ಇಬ್ಬರೂ ಅದನ್ನು ನೋಡಿದರು. ಯಾರೂ ಏಳಲಿಲ್ಲ.